ವನಮಾಲಾಳ ಹೆಬ್ಬೆರಳು

ಪದವೊಂದು ಮುಗಿಯುತ್ತಲೇ ವನಮಾಲಾಳ ಬಲಗೈ ಹೆಬ್ಬೆರಳು ಸ್ಪೇಸ್ ಬಾರಿನ ಮೇಲೆ ಒನಕೆಯಂತೆ ಬೀಳುತ್ತಿತ್ತು. ಇಪ್ಪತ್ತೇಳು ವರ್ಷ ಕಬ್ಬಿಣದ ಟೈಪ್‌ರೈಟರ್ ಕುಟ್ಟಿದ ಕೈ. ಕಣ್ಣು ಮಾತ್ರ ಕೈಯ ಕಡೆಗಾಗಲಿ ಕಾಗದದ ಕಡೆಗಾಗಲಿ ಹೋಗುತ್ತಿರಲಿಲ್ಲ. ಎಡಗಡೆ ನಿಲ್ಲಿಸಿಟ್ಟ ಶಾರ್ಟ್‌ಹ್ಯಾಂಡ್ ಪುಸ್ತಕದ ಮೇಲೇ ಇರುತ್ತಿತ್ತು. ಮೈಸೂರಿನಿಂದ ಮದುವೆಯಾಗಿ ಮುಂಬೈಯ ಚೆಂಬೂರಿಗೆ ಬಂದ ಹೊಸತರಲ್ಲಿ ಅವಳು ಸೇರಿದ ಟೈಪಿಂಗ್ ಕ್ಲಾಸಿನ ಮೇಷ್ಟ್ರು ಕೀಗಳ ಮೇಲೆ ಟವೆಲು ಹೊದಿಸಿ ಕಲಿಸುತ್ತಿದ್ದರು. ಟವೆಲು ಸರಿಸಿ ನೋಡಿದವರಿಗೆ ಅಡಿಪಟ್ಟಿಯ ಏಟು. ಒಂದು ಏಟೂ ತಿನ್ನದೆ ಪಾಸಾದವಳು ತಾನೊಬ್ಬಳೇ ಎಂಬುದು ಅವಳ ಸಣ್ಣ ಹೆಮ್ಮೆ. ಗಂಡ ಸತ್ಯಮೂರ್ತಿ ತೀರಿಕೊಂಡು, ಕರ್ಮಾಂತರ ಮುಗಿದ ಮರುದಿನವೇ ಪರೇಲಿನ ಆಫೀಸಿಗೆ ಬಂದು ಕೂತಾಗಲೂ ಆ ಕೈ ಒಂದಕ್ಷರ ತಪ್ಪಿರಲಿಲ್ಲ.

ತಪ್ಪತೊಡಗಿದ್ದು ತೊಂಬತ್ತಮೂರರ ಗಣಪತಿ ಹಬ್ಬ ಕಳೆದ ಮೇಲೆ, ಅವಳು ದುಡಿಯುತ್ತಿದ್ದ ಬಣ್ಣದ ಕಂಪನಿಯ ಡೈರೆಕ್ಟರ್ ದಲಾಲ್ ಸಾಹೇಬರು ಸಿಂಗಾಪುರದಿಂದ ಲ್ಯಾಪ್‌ಟಾಪ್ ತಂದಾಗ. ಇನ್ನು ಮೇಲೆ ತಮ್ಮ ಪತ್ರಗಳೆಲ್ಲ ಅದರಲ್ಲೇ ಟೈಪಾಗಬೇಕು, ವಿಮಾನದಲ್ಲಿ ಕೂತು ತಾವು ತಿದ್ದಬೇಕು ಎಂಬುದು ಅವರ ಆಸೆ. ಪೆಟ್ಟಿಗೆ ಚೆಂದವಾಗಿಯೇ ಇತ್ತು. ಆದರೆ ಕೀಗಳ ನಟ್ಟನಡುವೆ ಕಡಲೆಕಾಳಿನಷ್ಟು ಒಂದು ಕೆಂಪು ರಬ್ಬರ್ ಗುಂಡಿ. ಬೆರಳು ತಾಕಿದರೆ ಪರದೆಯ ಮೇಲಿನ ಬಾಣ ಎತ್ತಲೋ ಜಾರುತ್ತಿತ್ತು. ಸ್ಪೇಸ್ ಬಾರಿನ ಕೆಳಗೆ ಅದರದೇ ಎರಡು ಒತ್ತುಗುಂಡಿ. ವನಮಾಲಾಳ ತೋರುಬೆರಳು ಕೆಂಪು ಗುಂಡಿಯನ್ನು ಸವರಿಕೊಂಡು ಹೋಗುವುದು, ಹೆಬ್ಬೆರಳು ಸ್ಪೇಸ್ ಬಾರಿನಿಂದ ಜಾರಿ ಕೆಳಗಿನ ಗುಂಡಿಗೆ ಬೀಳುವುದು. ಅಷ್ಟಾದರೆ ಸಾಕು, ಬಾಣ ನಿಂತಲ್ಲಿಗೆ ಬರಹವೂ ಹಾರಿಹೋಗುವುದು. ಪರದೆ ನೋಡುವ ಅಭ್ಯಾಸವಿಲ್ಲದ ಅವಳಿಗೆ ಪುಟ ಮುಗಿದಾಗಲೇ ಗೊತ್ತಾಗುವುದು: ಒಂದು ವಾಕ್ಯದ ಹೊಟ್ಟೆಯೊಳಗೆ ಇನ್ನೊಂದು ವಾಕ್ಯ ಮಲಗಿದೆ.

ಒಂದು ದಿನ ಹಾಗೆ ಕೆಟ್ಟ ಪತ್ರ ಅವಳ ಕಣ್ಣೂ ತಪ್ಪಿಸಿ, ಸಾಹೇಬರ ಸಹಿಯನ್ನೂ ಹೊತ್ತು ಇಂದೋರಿಗೆ ಹೋಯಿತು. ಒಡೆದುಹೋದ ಬಣ್ಣದ ಪೀಪಾಯಿಗಳಿಗಾಗಿ ಕ್ಷಮೆ ಕೇಳಿ, ಕೊನೆಗೆ ದೀಪಾವಳಿಯ ಶುಭಾಶಯ ಹೇಳುವ ಪತ್ರ ಅದು.

"ವನಮಾಲಾಬೆನ್," ಎಂದು ಸಾಹೇಬರು ಕರೆದು ಕೂರಿಸಿ ತಮ್ಮ ಹಿಂದಿಯಲ್ಲಿ ಶುರುಮಾಡಿದರು. "ಇಂದೋರ್‌ವಾಲಾ ಫೋನಿನಲ್ಲಿ ನಗ್ತಾ ಇದ್ದ. ಅವನಿಗೂ ಅವನ ಕುಟುಂಬಕ್ಕೂ ಒಡೆದ ಪೀಪಾಯಿಗಳ ಹಾರ್ದಿಕ ಶುಭಾಶಯ ಕಳಿಸಿದ್ದೀವಂತೆ."

ಅವಳಿಗೆ ನಗು ಬರಲಿಲ್ಲ.

"ವಯಸ್ಸಾಯಿತು. ನನಗೂ ಆಗಿದೆ, ಬೇಜಾರು ಮಾಡ್ಕೋಬೇಡಿ. ತಳೋಜಾ ಫ್ಯಾಕ್ಟರಿಯಲ್ಲಿ ಟೈಪ್‌ರೈಟರ್ ಇನ್ನೂ ಇದೆ. ಶುಕ್ರವಾರ ಬೋರ್ಡ್ ರಿಪೋರ್ಟ್. ಇಪ್ಪತ್ತು ಪುಟ. ಅದೂ ಹೀಗೇ ಆದರೆ, ಅಲ್ಲಿಗೆ ಹೋಗಿಬಿಡಿ. ಆರಾಮ್ ಸೇ."

ತಳೋಜಾಕ್ಕೆ ಕಂಪನಿಯ ಬಸ್ಸು ಚೆಂಬೂರು ನಾಕಾದಿಂದ ಬೆಳಿಗ್ಗೆ ಆರಕ್ಕೆ ಹೊರಟು ರಾತ್ರಿ ಎಂಟಕ್ಕೆ ಮರಳುತ್ತಿತ್ತು. ಮನೆಯಲ್ಲಿ ಕಣ್ಣು ಮಂಜಾದ ಅತ್ತೆ ಕೌಸಲ್ಯಮ್ಮ. ಬೆಳಿಗ್ಗೆ ಏಳಕ್ಕೊಂದು, ಸಂಜೆ ಏಳಕ್ಕೊಂದು ಇನ್ಸುಲಿನ್ ಸೂಜಿ, ಅದರ ಮೇಲೆ ಊಟ. ಸೂಜಿ ಚುಚ್ಚಲು ಆ ಬಿಲ್ಡಿಂಗಿನಲ್ಲಿ ಇನ್ನಾರೂ ಇರಲಿಲ್ಲ. ಆರಾಮ್ ಸೇ ಎಂಬ ಮಾತನ್ನು ಹೊತ್ತುಕೊಂಡು ಅವಳು ತನ್ನ ಕುರ್ಚಿಗೆ ಮರಳಿದಳು.

ಕಂಪ್ಯೂಟರ್ ವಿಭಾಗದ ಶೇಖರ ಧಾರವಾಡದವನು. ಆ ಆಫೀಸಿನಲ್ಲಿ ಕನ್ನಡ ಆಡುವ ಇನ್ನೊಂದು ಬಾಯಿ ಅವನದು ಮಾತ್ರ.

"ಅಕ್ಕಾರ, ಅದು ಕೀಬೋರ್ಡ್ ಐತ್ರಿ, ಖಾರ ಕುಟ್ಟೋ ಕಲ್ಲಲ್ಲ. ಕೈ ಹಗೂರ ಬಿಡ್ರಿ."

"ಈ ವಯಸ್ಸಿನಲ್ಲಿ ಕೈ ಹಗುರ ಆಗೋದು ಚಟ್ಟದ ಮೇಲೆ ಕಣೋ. ಬೇರೆ ಕೀಬೋರ್ಡ್ ಸಿಗತ್ತಾ, ಹೇಳು."

"ಪರ್ಚೇಸ್‌ನವರಿಗೆ ಬರದ್ರ ಮುಂದಿನ ಗಣಪತಿಗೆ ಬರ್ತೈತಿ."

"ಆ ಕೆಂಪು ಗುಂಡೀನ ಕಿತ್ತುಬಿಡೋಕ್ಕಾಗಲ್ವಾ?"

"ಕಿತ್ರ ಸಾಹೇಬ್ರು ನನ್ನ ಕೀಳ್ತಾರ. ನನಗ ಹಳೇ ಡಾಸ್ ಬಿಟ್ರ ಈ ಹೊಸಾ ವಿಂಡೋಸ್ ಅಷ್ಟಕ್ಕಷ್ಟ. ತಗೋರಿ, ಅದರ ಪುಸ್ತಕ ಓದ್ರಿ. ಇದನ್ನ ಮುಂಬೈದಾಗ ಯಾರೂ ಓದಿಲ್ಲ, ನೀವೇ ಮೊದಲು."

ಇಟ್ಟಿಗೆಯಂಥ ಪುಸ್ತಕ. ಕುರ್ಲಾದಲ್ಲಿ ಗಾಡಿ ಬದಲಿಸಿ, ಹಾರ್ಬರ್ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಮೀನಿನ ಬುಟ್ಟಿಗೂ ಬಾಗಿಲಿಗೂ ನಡುವೆ ನಿಂತು ಓದಿದಳು. ಮನೆಯಲ್ಲಿ ಹುಳಿಗೆ ಒಗ್ಗರಣೆ ಹಾಕುತ್ತ ಓದಿದಳು.

"ಏನೇ ಅದು, ಅಷ್ಟು ದಪ್ಪ? ಪಾರಾಯಣವೇ?" ಕೌಸಲ್ಯಮ್ಮ ಹಾಳೆ ಮಗುಚುವ ಸದ್ದು ಹಿಡಿದು ಕೇಳಿದರು.

"ಹೂಂ ಅತ್ತೆ, ಪಾರಾಯಣವೇ."

"ಫಲಶ್ರುತಿ ಎಲ್ಲಿದೆ ನೋಡು, ಅದನ್ನ ಮೊದಲು ಓದು. ನಮ್ಮಪ್ಪ ಹಾಗೇ ಮಾಡ್ತಿದ್ದ ಸೋಂಬೇರಿ."

ತಮಾಷೆಗೆ ಅಂದ ಮಾತು. ಆದರೂ ವನಮಾಲಾ ಪುಸ್ತಕವನ್ನು ಹಿಂದಿನಿಂದ ತೆರೆದಳು. ಕೊನೆಯ ಪಟ್ಟಿಯಲ್ಲಿ, ಬಾಣ ಓಡಿಸುವ 'ಮೌಸ್' ಎಂಬ ಪದದ ಮುಂದೆ ಏಳೆಂಟು ಪುಟಗಳ ಸಂಖ್ಯೆ ಇತ್ತು. ಒಂದೊಂದಾಗಿ ತೆಗೆಯುತ್ತ ಹೋದರೆ ಐದನೆಯದರಲ್ಲಿ ಅವಳಿಗೆ ಬೇಕಾದದ್ದು ಸಿಕ್ಕಿತು. ಸೆಟಪ್ ಎಂಬ ಕಡೆ ಹೋದರೆ ಯಂತ್ರಕ್ಕೆ ಯಾವ ಯಾವ ಉಪಕರಣ ಜೋಡಿಸಿದೆ ಎಂದು ನಾವೇ ಹೇಳಬಹುದು. ಮೌಸ್ ಎಂಬಲ್ಲಿರುವ ಆಯ್ಕೆಗಳಲ್ಲಿ ಒಂದು ಹೀಗಿತ್ತು: ಮೌಸ್ ಇಲ್ಲ, ಬಾಣ ಓಡಿಸುವ ಬೇರೆ ಯಾವ ಸಾಧನವೂ ಇಲ್ಲ.

ಇದ್ದದ್ದನ್ನು ಇಲ್ಲ ಎಂದು ಬರೆದುಕೊಟ್ಟರೆ ಸಾಕು, ಯಂತ್ರ ನಂಬುತ್ತದೆ. ಅವಳು ಆ ಸಾಲನ್ನು ಮೂರು ಸಲ ಓದಿದಳು.

ಬುಧವಾರ ಊಟದ ಹೊತ್ತಿನಲ್ಲಿ ಡಬ್ಬಿ ಬಿಚ್ಚದೆ ಕೂತಳು. ಬಾಣವನ್ನು ಮುಟ್ಟಲೇ ಇಲ್ಲ. ಹೋಗಬೇಕಾದಲ್ಲಿಗೆಲ್ಲ ಕೀಗಳ ಮೇಲೇ ನಡೆದು ಹೋದಳು. ಆ ಸಾಲಿನ ಮೇಲೆ ನಿಂತು ಎಂಟರ್ ಒತ್ತಿದಾಗ ಯಂತ್ರ ಫ್ಲಾಪಿ ಕೇಳಿತು. ಶೇಖರ ಕಬ್ಬಿಣದ ಕಪಾಟಿನಿಂದ ತಂದು, "ಕೆಟ್ರ ನಾ ಇಲ್ಲಿ ಇರಲೇ ಇಲ್ಲ" ಎಂದು ಕೊಟ್ಟು ಅಲ್ಲೇ ನಿಂತ. ಯಂತ್ರ ಒಮ್ಮೆ ಕಣ್ಣು ಮುಚ್ಚಿ, ಗೊರಗುಟ್ಟಿ, ಮತ್ತೆ ತೆರೆಯಿತು. ಪರದೆಯ ಮೇಲೆ ಬಾಣ ಇರಲಿಲ್ಲ. ಕೆಂಪು ಗುಂಡಿಯನ್ನು ಅವಳು ಅತ್ತ ಒತ್ತಿದಳು, ಇತ್ತ ಒತ್ತಿದಳು. ಏನೂ ಆಗಲಿಲ್ಲ.

"ಸತ್ತುಹೋಯ್ತಾ?" ಎಂದಳು.

"ಸತ್ತೈತ್ರಿ," ಎಂದ ಶೇಖರ, ದನಿ ತಗ್ಗಿಸಿ.

ಅಂದೂ ಮರುದಿನವೂ ಕೂತು ಅವಳು ರಿಪೋರ್ಟಿನ ಇಪ್ಪತ್ತು ಪುಟ ಹೊಡೆದಳು. ಕಣ್ಣು ಶಾರ್ಟ್‌ಹ್ಯಾಂಡ್ ಪುಸ್ತಕದ ಮೇಲೆ, ಹೆಬ್ಬೆರಳು ತನ್ನ ಹಳೆಯ ಭಾರದಲ್ಲಿ. ಬಹಳ ದಿನದ ಮೇಲೆ ಕೈ ತನ್ನ ದಾರಿಯಲ್ಲಿ ತಾನೇ ನಡೆಯಿತು. ಸಂತೋಷವೆನ್ನುವಷ್ಟೇನೂ ಇಲ್ಲ, ಹೆಗಲಿನ ನೋವು ಕೊಂಚ ಕೆಳಗಿಳಿದಂತಿತ್ತು. ಗುರುವಾರ ನಾಲ್ಕಕ್ಕೆ ಲ್ಯಾಪ್‌ಟಾಪನ್ನು ಸಾಹೇಬರ ಕೋಣೆಯಲ್ಲಿಟ್ಟು ಬಂದಳು.

ಹತ್ತು ನಿಮಿಷಕ್ಕೆ ಕರೆಗಂಟೆ ಹೊಡೆಯಿತು. ಶೇಖರನಿಗೂ ಕರೆ.

"ಯೇ ಮರ್ ಗಯಾ ಕ್ಯಾ?" ಸಾಹೇಬರು ಕೆಂಪು ಗುಂಡಿಯನ್ನು ತಿರುಪುತ್ತಿದ್ದರು. "ಸತ್ತೇ ಹೋಗಿದೆ, ಬಾಣವೇ ಇಲ್ಲ. ಯಾರು ಮುಟ್ಟಿದ್ದು?"

ಶೇಖರ ಬಾಯಿ ತೆರೆದ. ಅವನು ಏನು ಹೇಳುತ್ತಿದ್ದನೋ, ವನಮಾಲಾ ಕಾಯಲಿಲ್ಲ.

"ನಾನೇ ಸರ್. ನನ್ನ ಕೈಗೆ ಅಡ್ಡ ಬರ್ತಿತ್ತು. ಸೆಟಪ್‌ನಲ್ಲಿ ಇಲ್ಲ ಅಂತ ಬರೆದೆ."

"ಆಪ್ನೇ? ನೀವಾ?" ಅವರು ಕನ್ನಡಕದ ಮೇಲಿಂದ ನೋಡಿದರು. "ನನಗೆ ಬೇಕಲ್ಲ ಅದು?"

"ಇದೆ ಅಂತಾನೂ ಬರೆಯಬಹುದು ಸರ್. ಎರಡು ನಿಮಿಷ."

ಅವರ ಎದುರೇ ನಿಂತು, ಬಗ್ಗಿ, ಕೀಗಳ ಮೇಲೇ ನಡೆದು ಇದೆ ಎಂದು ಬರೆದಳು. ಬಾಣ ಮರಳಿತು. ಸಾಹೇಬರು ರಿಪೋರ್ಟನ್ನು ಮೊದಲಿನಿಂದ ಓದತೊಡಗಿದರು. ಇಬ್ಬರಿಗೂ ಕೂರಲು ಹೇಳಲಿಲ್ಲ, ಹೋಗಲೂ ಹೇಳಲಿಲ್ಲ. ಹನ್ನೊಂದನೆಯ ಪುಟದಲ್ಲಿ ಒಮ್ಮೆ ತಡೆದರು. ಅವರು ಚಹಾ ಕುಡಿದು ಮುಂದಕ್ಕೆ ಹೋದರು.

"ಸಾಫ್ ಹೈ, ಒಂದು ತಪ್ಪೂ ಇಲ್ಲ," ಎಂದರು ಕೊನೆಗೆ. "ತಳೋಜಾ ರೆಹನೇ ದೋ, ಅಲ್ಲಿಗೆ ಹೋಗೋದು ಬೇಡ. ಆದರೆ ನಿಮ್ಮ ಕೈಗೆ ಬೇಕಾದ ಹಾಗೆ ಮಾಡ್ಕೊಂಡ್ರೆ, ಸಂಜೆ ನನಗೆ ಬೇಕಾದ ಹಾಗೆ ಮಾಡಿಟ್ಟು ಹೋಗಬೇಕು. ರೋಜ್."

"ಜೀ ಸರ್."

ಹೊರಗೆ ಶೇಖರ, "ಅಕ್ಕಾರ, ಇವತ್ತು ಚಹಾ ನಿಮ್ದು," ಎಂದ. ಅವಳು ಗಡಿಯಾರ ನೋಡಿದಳು.

ಅಂದಿನಿಂದ ದಿನಾ ಬೆಳಿಗ್ಗೆ ಇಲ್ಲ ಎಂದು ಬರೆಯುವುದು, ಸಂಜೆ ಇದೆ ಎಂದು ಬರೆಯುವುದು. ಸಾಹೇಬರ ಕೊನೆಯ ಪತ್ರ ಮುಗಿಯುವುದೇ ಗಾಡಿಯ ಹೊತ್ತಿಗೆ. ಅದರ ಮೇಲೆ ಯಂತ್ರ ಮುಚ್ಚಿ ತೆರೆಯುವಷ್ಟರಲ್ಲಿ ಪರೇಲಿನ ಐದು ನಲವತ್ತೆರಡರ ಲೋಕಲ್ ಹೊರಟುಹೋಗಿರುತ್ತಿತ್ತು. ಮುಂದಿನದರಲ್ಲಿ ಕೂರಲು ಜಾಗ ಸಿಗುತ್ತಿರಲಿಲ್ಲ.

"ಕಾಲು ಗಂಟೆ ತಡ," ಎಂದರು ಕೌಸಲ್ಯಮ್ಮ ಮೊದಲ ದಿನ, ಸೆರಗು ಸರಿಸಿ ಸೂಜಿಗೆ ತೋಳು ಮುಂದೊಡ್ಡುತ್ತ.

"ಇನ್ನು ದಿನಾ ಇಷ್ಟೇ ಹೊತ್ತಾಗತ್ತೆ ಅತ್ತೆ. ಆದ್ರೆ ಬರ್ತೀನಿ," ಎಂದು ವನಮಾಲಾ ಕೈ ತೊಳೆಯಲು ಒಳಗೆ ಹೋದಳು.