ಫ್ರೀಜರ್‌ನೊಳಗೆ ಕಟ್ಟಿದ ಗೂಡು

ಸಿಂಗಾಪುರದ ಕಾಕಿ ಬುಕಿತ್‌ನ ಗೋದಾಮೊಂದರಲ್ಲಿ, ಫ್ರೀಜರ್ ಕೋಣೆಯ ಸೆನ್ಸರ್ ಚೆಕ್ ಮಾಡುತ್ತಿದ್ದಾಗ ಬಾಗಿಲು ಜಾಮ್ ಆಯಿತು. ಒಳಗೆ ನಾನು, ಮತ್ತು ಅಂದೇ ಪರಿಚಯವಾದ ಕೆನಡಾದ ಆಡಿಟರ್ ಮಹಿಳೆ. ಬೆಲ್ ಒತ್ತಿದೆವು. ಮೆಕ್ಯಾನಿಕ್ ಬರುವವರೆಗೆ ಕಾಯಿರಿ ಎಂದು ಹೊರಗಿನಿಂದ ಕೂಗಿದರು. ಫ್ಯಾನಿನ ಗಾಳಿಗೆ ನನ್ನ ಹಲ್ಲು ಕಟಕಟ ಅನ್ನತೊಡಗಿತು.

ಆಕೆ ಬಟಾಣಿ ತುಂಬಿದ ಪೆಟ್ಟಿಗೆಗಳನ್ನು ನಮ್ಮ ಸುತ್ತ ಗೋಡೆಯಂತೆ ಜೋಡಿಸಿದರು.

"ಇಷ್ಟು ತಣ್ಣಗಿರೋ ಪೆಟ್ಟಿಗೆಯಿಂದ ಬೆಚ್ಚಗಾಗುತ್ತಾ?" ಎಂದೆ.

"ನಮ್ಮೂರಲ್ಲಿ ಹಿಮದ ಗೂಡಲ್ಲೇ ಮಲಗಿದ್ದೀನಿ. ಹಿಮ ಬಿಸಿ ಕೊಡಲ್ಲ, ಗಾಳಿ ತಡೆದು ನಮ್ಮ ಮೈಬಿಸಿಯನ್ನ ಒಳಗೇ ಉಳಿಸುತ್ತೆ. ಹತ್ತಿರ ಬನ್ನಿ."

ಸಂಕೋಚಪಡುತ್ತಲೇ ಭುಜಕ್ಕೆ ಭುಜ ತಾಗಿಸಿ ಕೂತೆ. ನಡುಕ ನಿಜಕ್ಕೂ ಇಳಿಯಿತು.

ಕೊನೆಗೆ ಬಾಗಿಲು ತೆರೆದ ಮೆಕ್ಯಾನಿಕ್ ಅಂಕಲ್ ನಮ್ಮನ್ನು ನೋಡಿ, "ಸಾರಿ, ಸಾರಿ" ಎನ್ನುತ್ತಾ ಮತ್ತೆ ಮುಚ್ಚಲು ಹೊರಟರು. ಇಬ್ಬರೂ ಒಟ್ಟಿಗೇ ಕಿರುಚಿದೆವು. ಅಷ್ಟೊಂದು ಮರ್ಯಾದೆ ನಮಗೆ ಬೇಕಿರಲಿಲ್ಲ.