ಇಲ್ಲದ ಬ್ರೇಕಿನ ಮೇಲೆ ಕಾಲು

ನಮ್ಮ ಕಾರಿನಲ್ಲಿ ಎರಡು ಬ್ರೇಕುಗಳಿವೆ. ಒಂದು ಡ್ರೈವರ್ ಕಾಲಿನ ಕೆಳಗೆ, ಕಂಪನಿಯವರೇ ಕೊಟ್ಟದ್ದು. ಇನ್ನೊಂದು ಪಕ್ಕದ ಸೀಟಿನಲ್ಲಿ ಕೂತ ನನ್ನ ಬಲಗಾಲಿನ ಕೆಳಗೆ. ಅದು ನನ್ನೊಬ್ಬನಿಗೆ ಮಾತ್ರ ಇದೆ. ಮಗಳು ಅನಘಾ ಲರ್ನರ್ಸ್ ಪರ್ಮಿಟ್ ತೆಗೆದುಕೊಂಡಾಗಿನಿಂದ ಈ ಎರಡನೆಯದನ್ನು ಎಷ್ಟು ಒತ್ತಿದ್ದೇನೆಂದರೆ ಅಲ್ಲಿನ ರಬ್ಬರ್ ಮ್ಯಾಟು ಸವೆದಿದೆ. ಕಾರು ಮಾತ್ರ ಅದರಿಂದ ಒಮ್ಮೆಯೂ ನಿಂತಿಲ್ಲ.

ಕಾಲೊಂದೇ ಆಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಇಲ್ಲಿ ಅಮೆರಿಕದಲ್ಲಿ ಡ್ರೈವರ್ ಎಡಕ್ಕೆ, ಪಕ್ಕದವನು ಬಲಕ್ಕೆ. ನನ್ನ ಬಲಗೈ ಕಿಟಕಿಯ ಮೇಲಿನ ಹಿಡಿಯನ್ನು ಹಿಡಿದಿರುತ್ತದೆ, ಎಡಗೈ ಬರಲಿರುವ ಅಪಘಾತವನ್ನು ತಡೆಯಲು ಮುಂದಕ್ಕೆ ಚಾಚಿರುತ್ತದೆ, ಸೊಂಟ ಒಂದು ಕಡೆ, ಕತ್ತು ಇನ್ನೊಂದು ಕಡೆ, ಬಾಯಿ ಅರ್ಧ ತೆರೆದಿರುತ್ತದೆ. ನನ್ನ ಹೆಂಡತಿ ಜಯಶ್ರೀ ಧಾರವಾಡದವಳು, ವೃತ್ತಿಯಲ್ಲಿ ಡಾಕ್ಟರು. ಒಮ್ಮೆ ಹಿಂದಿನ ಸೀಟಿನಲ್ಲಿ ಕೂತು ಇದನ್ನೆಲ್ಲ ನೋಡಿ, "ಹೆರಿಗಿ ವಾರ್ಡಿನ್ಯಾಗೂ ಇಷ್ಟು ಒದ್ದಾಡೂದು ನಾ ನೋಡಿಲ್ರೀ" ಅಂದಳು. ಹಾಗೆಂದು ತಾನೇ ಕಲಿಸುತ್ತಾಳೆಯೇ? ಅವಳಿಗೆ ಶನಿವಾರ ಭಾನುವಾರವೆಲ್ಲ ಡ್ಯೂಟಿ.

ಗ್ರಹಚಾರ ಕಾದಿದ್ದದ್ದು ಐಸೆಲಿನ್ನಿನಲ್ಲಿ. ಮಾನ್ಮತ್ ಜಂಕ್ಷನ್ನಿನ ನಮ್ಮಂಥವರಿಗೆ ಭಾನುವಾರ ಅಲ್ಲಿನ ಓಕ್ ಟ್ರೀ ರೋಡಿನ ಇಂಡಿಯನ್ ಅಂಗಡಿಗಳಿಗೆ ಹೋಗಿ ರವೆ, ಕರಿಬೇವು ತರುವುದು ಒಂದು ವ್ರತ. ಆ ಭಾನುವಾರ ಅನಘಾ ಓಡಿಸುತ್ತಿದ್ದಳು. ಅಂಗಡಿಯ ಪಾರ್ಕಿಂಗಿಗೆ ಎದುರು ಸಾಲನ್ನು ದಾಟಿ ಎಡಕ್ಕೆ ತಿರುಗಬೇಕು. ಎದುರಿನಿಂದ ಒಂದು ವ್ಯಾನು ಬರುತ್ತಿತ್ತು. "ಆ ವ್ಯಾನಿಗೆ ಮೊದಲು ದಾರಿ ಬಿಡು" ಎನ್ನುವಷ್ಟು ವ್ಯಾಕರಣ ಆ ಹೊತ್ತಿಗೆ ನನ್ನ ಬಾಯಲ್ಲಿ ಉಳಿದಿರಲಿಲ್ಲ. "ಬಿಡು! ಬಿಡು!" ಎಂದು ಕಿರುಚಿದೆ.

ಈ ಬಿಡು ಎನ್ನುವುದು ಎಂಥ ಎಡವಟ್ಟು ಪದ ನೋಡಿ. ದಾರಿ ಬಿಡು ಅಂದರೆ ನಿಲ್ಲು. ಗಾಡಿ ಬಿಡು ಅಂದರೆ ಓಡಿಸು. ಉಸಿರು ಬಿಡುತ್ತೇವೆ, ಊಟ ಬಿಡುತ್ತೇವೆ, ಬುರುಡೆ ಬಿಡುತ್ತೇವೆ, ಏನೂ ತೋಚದಿದ್ದರೆ ಹೋಗಲಿ ಬಿಡು ಅನ್ನುತ್ತೇವೆ. ಕನ್ನಡದ ಮಣ್ಣಿನಲ್ಲಿ ಬೆಳೆದ ಕಿವಿ ಸಂದರ್ಭ ನೋಡಿ ಅರ್ಥ ಆರಿಸಿಕೊಳ್ಳುತ್ತದೆ. "ಅಪ್ಪ ಚೆನ್ನಾಗಿ ಕಾರು ಬಿಡ್ತಾರೆ" ಎಂಬ ಮಾತನ್ನು ಮನೆಯಲ್ಲಿ ಕೇಳುತ್ತಾ ಬೆಳೆದ ನ್ಯೂಜೆರ್ಸಿಯ ಹುಡುಗಿ, ಸ್ಟೀರಿಂಗ್ ಹಿಡಿದಾಗ ಬಿಡು ಅಂದರೆ ಏನೆಂದು ತಿಳಿಯಬೇಕೋ ಹಾಗೆಯೇ ತಿಳಿದಳು. ಆಕ್ಸಿಲರೇಟರ್ ಒತ್ತಿಯೇಬಿಟ್ಟಳು.

ವ್ಯಾನಿನವನು ಪುಣ್ಯಾತ್ಮ, ಅವನ ಬ್ರೇಕು ನಿಜವಾದದ್ದು. ನನ್ನ ಬಾಗಿಲಿನಿಂದ ಒಂದು ಗೇಣು ದೂರದಲ್ಲಿ ನಿಂತ. ಫುಟ್‌ಪಾತಿನಲ್ಲಿ ಸಮೋಸ ತಿನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು. ಅನಘಾಳ ಬೆರಳುಗಳು ಸ್ಟೀರಿಂಗಿಗೆ ಅಂಟಿಕೊಂಡಿದ್ದವು.

"ಯೂ ಸೆಡ್ ಬಿಡು!" ಅವಳು ಅಳುತ್ತಿದ್ದಳು. "ಅಪ್ಪಾ, ಬಿಡು ಮೀನ್ಸ್ ಡ್ರೈವ್! ಯೂ ಸೆಡ್ ಇಟ್ ಟ್ವೈಸ್!"

ಅಂದಿನಿಂದ ಅವಳು ಕಾರಿನ ಕೀ ಮುಟ್ಟಲಿಲ್ಲ. ರೋಡ್ ಟೆಸ್ಟು ಹತ್ತಿರ ಬಂದಿತ್ತು. "ಕ್ಯಾನ್ಸಲ್ ಮಾಡಿ, ಐಯಾಮ್ ಡನ್" ಅಂದಳು. ನಾನು ಗದರಿದೆ, ರಮಿಸಿದೆ, ಐಸ್‌ಕ್ರೀಮಿನ ಆಮಿಷ ಒಡ್ಡಿದೆ. ಇಲ್ಲಿ ಕಾರು ಓಡಿಸದವರಿಗೆ ಕಾಲಿಲ್ಲ. ಹಾಲು ಬೇಕೆಂದರೂ ಇನ್ನೊಬ್ಬರ ಮುಖ ನೋಡಬೇಕು. ಆದರೆ ನನ್ನನ್ನು ಕೊರೆಯುತ್ತಿದ್ದದ್ದು ಅದಲ್ಲ. ಸೈಕಲ್ಲು, ಈಜು, ಸ್ಕೇಟಿಂಗು ಯಾವುದಕ್ಕೂ ಹೆದರದಿದ್ದ ಹುಡುಗಿಗೆ ನಾನೇ ಕೈಯಾರೆ ಹೆದರಿಕೆ ಕಲಿಸಿದೆನಲ್ಲ ಎಂಬುದು.

ಹೀಗಿರುವಾಗ ಅವಳ ಶಾಲೆಯಲ್ಲಿ ಮುನ್ನೂರು ನಾನೂರು ವರ್ಷ ಹಿಂದಿನ ಇಟಲಿಯ ಬರೋಕ್ ಕಾಲದ ಶಿಲ್ಪಗಳ ಮೇಲೆ ಪ್ರಬಂಧ ಬರೆಯಲು ಹೇಳಿದ್ದರು. ಒಂದು ಶಿಲ್ಪವನ್ನು ಖುದ್ದಾಗಿ ನೋಡಿ, ಅದರ ಚಲನೆ ಮತ್ತು ಭಾವದ ಬಗ್ಗೆ ಬರೆಯಬೇಕು. ಶನಿವಾರ ಸ್ಟೇಷನ್ನಿನವರೆಗೆ ನಾನು ಕಾರು ಓಡಿಸಿ, ಅಲ್ಲಿಂದ ಟ್ರೈನಿನಲ್ಲಿ ಮ್ಯಾನ್‌ಹಟನ್ನಿಗೆ ಹೋದೆವು. ದಾರಿಯುದ್ದಕ್ಕೂ ಅವಳು ಇಯರ್‌ಫೋನ್ ತೆಗೆಯಲಿಲ್ಲ.

ಮ್ಯೂಸಿಯಮ್ಮಿನ ಬರೋಕ್ ಶಿಲ್ಪಗಳ ಹಾಲಿಗೆ ಕಾಲಿಟ್ಟೆವು. ಎಲ್ಲಿ ನೋಡಿದರೂ ಬಿಳಿಯ ಅಮೃತಶಿಲೆಯ ಜನ ಓಡುತ್ತಿದ್ದಾರೆ, ಬೀಳುತ್ತಿದ್ದಾರೆ, ಕೂಗುತ್ತಿದ್ದಾರೆ. ಬಟ್ಟೆ ಗಾಳಿಗೆ ಹಾರಿದೆ, ಕತ್ತಿನ ನರ ಉಬ್ಬಿದೆ. ಒಬ್ಬನಂತೂ ಸೊಂಟ ಒಂದು ಕಡೆ, ಕತ್ತು ಇನ್ನೊಂದು ಕಡೆ, ಬಾಯಿ ಅರ್ಧ ತೆರೆದು ನಿಂತಿದ್ದ. ಅನಘಾ ಇಯರ್‌ಫೋನ್ ತೆಗೆದು, "ಅಪ್ಪಾ, ದಟ್ಸ್ ಲಿಟರಲೀ ಯೂ" ಅಂದಳು. ವಾರದಲ್ಲಿ ಅವಳು ನನ್ನೊಡನೆ ಆಡಿದ ಅತಿ ಉದ್ದದ ಮಾತು ಅದೇ ಇರಬೇಕು.

ಅವಳ ಟೀಚರ್ ಹೇಳಿಕೊಟ್ಟದ್ದನ್ನು ಅವಳು ನನಗೆ ಹೇಳಿಕೊಟ್ಟಳು. ಬರೋಕ್ ಕಾಲಕ್ಕೂ ಹಿಂದಿನ ಶಿಲ್ಪಿಗಳು ಕೆಲಸ ಶುರುವಾಗುವ ಮೊದಲಿನ ಅಥವಾ ಮುಗಿದ ಮೇಲಿನ ಸಮಾಧಾನವನ್ನು ಕೆತ್ತುತ್ತಿದ್ದರಂತೆ. ಬರೋಕಿನವರು ಮಾತ್ರ ನಟ್ಟನಡುವಿಗೇ ಕೈ ಹಾಕಿದರಂತೆ. ನನಗೆ ಶ್ರವಣಬೆಳಗೊಳ ನೆನಪಾಯಿತು. ನಮ್ಮ ಬಾಹುಬಲಿ ಅಣ್ಣ ಭರತನನ್ನು ಎರಡೂ ಕೈಯಲ್ಲಿ ಮೇಲೆತ್ತಿ ಇನ್ನೇನು ನೆಲಕ್ಕೆ ಅಪ್ಪಳಿಸಬೇಕು, ಅಷ್ಟರಲ್ಲಿ ಮನಸ್ಸು ತಿರುಗಿ ಮೆಲ್ಲನೆ ಇಳಿಸಿದವನು. ಇಟಲಿಯವನ ಕೈಗೆ ಆ ಕಥೆ ಸಿಕ್ಕಿದ್ದರೆ ಬೆಟ್ಟದ ಮೇಲೆ ಇಂದಿಗೂ ಭರತ ಕಾಲು ಬಡಿಯುತ್ತಾ ಗಾಳಿಯಲ್ಲಿರುತ್ತಿದ್ದ. ನಮ್ಮ ಶಿಲ್ಪಿ ಜಗಳವನ್ನೆಲ್ಲ ಬಿಟ್ಟು, ಕಾಲಿಗೆ ಬಳ್ಳಿ ಹಬ್ಬುವಷ್ಟು ಕಾಲ ಕಾದು, ಆಮೇಲೆ ಉಳಿ ಹಿಡಿದ. ನನಗೆ ಆ ಇಟಲಿಯವರ ಮೇಲೆ ಸಿಟ್ಟೇ ಬಂತು. ಮನುಷ್ಯನನ್ನು ಅವನ ಅತಿ ಕೆಟ್ಟ ಗಳಿಗೆಯಲ್ಲಿ ಹಿಡಿದು, ಮುನ್ನೂರು ನಾನೂರು ವರ್ಷ ಅಲ್ಲೇ ನಿಲ್ಲಿಸುವುದೆಂದರೆ ಏನು ನ್ಯಾಯ? ನಾನಿನ್ನೂ ಆ ವ್ಯಾನಿನ ಮುಂದೆಯೇ ನಿಂತಿದ್ದೆ.

ಅನಘಾ ಆರಿಸಿಕೊಂಡದ್ದು ಮೂಲೆಯಲ್ಲಿದ್ದ ಒಂದು ಸಣ್ಣ ಶಿಲ್ಪ. ತಾಯಿಯೊಬ್ಬಳು ಮಗುವನ್ನೆತ್ತಿಕೊಂಡು ಓಡುತ್ತಿದ್ದಾಳೆ. ಹಿಂದೆ ಕತ್ತಿ ಹಿರಿದ ಸೈನಿಕ. ಎದುರಿನಿಂದ ತಾಯಿಯ ಕೂಗು ಮಾತ್ರ ಕಾಣುತ್ತದೆ. "ಯೂ ಹ್ಯಾವ್ ಟು ವಾಕ್ ಅರೌಂಡ್ ಇಟ್" ಎಂದು ಅವಳು ಒಂದು ಸುತ್ತು ಬಂದು, ಆಚೆ ಬದಿಯಲ್ಲಿ ನಿಂತುಬಿಟ್ಟಳು.

"ಅಪ್ಪಾ, ಕಮ್ ಹಿಯರ್. ದ ಬೇಬಿ ಈಸಂಟ್ ಈವನ್ ಲುಕಿಂಗ್ ಅಟ್ ದ ಗೈ."

ಹೋಗಿ ನೋಡಿದೆ. ಕತ್ತಿ ಮಗುವಿನ ಬೆನ್ನಿಗೇ ಇತ್ತು, ಅದು ಮಗುವಿಗೆ ಗೊತ್ತೇ ಇಲ್ಲ. ಅದು ಕಣ್ಣಗಲಿಸಿ ನೋಡುತ್ತಿದ್ದದ್ದು ತಾಯಿಯ ಮುಖವನ್ನು. ಅದರ ತುಟಿ ತಾಯಿಯ ತುಟಿಯಂತೆಯೇ ಸೊಟ್ಟಗಾಗಿತ್ತು.

"ಅವತ್ತು ನೀನು ವ್ಯಾನ್ ನೋಡಿದ್ಯಾ?" ಎಂದು ಕೇಳಿದೆ.

ಅವಳು ಮಗುವಿನ ಮೇಲಿಂದ ಕಣ್ಣು ತೆಗೆಯಲಿಲ್ಲ. "ನೋ. ಐ ವಾಸ್ ಲುಕಿಂಗ್ ಅಟ್ ಯೂ."

ಸಂಜೆ ಟ್ರೈನು ಇಳಿದಾಗ ಇನ್ನೂ ಬೆಳಕಿತ್ತು. ಪಾರ್ಕಿಂಗಿನಲ್ಲಿ ಕೀ ಅವಳ ಮುಂದೆ ಹಿಡಿದೆ. ಅವಳು ಕೀಯನ್ನೂ ನನ್ನನ್ನೂ ನೋಡಿ, "ಓನ್ಲೀ ಇಫ್ ಯೂ ಡೋಂಟ್ ಮೂವ್" ಅಂದಳು. ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡು, ಶೂ ಕಳಚಿ, ಎರಡೂ ಕಾಲು ಮೇಲೆ ಮಡಚಿ, ಊಟದ ಪಂಕ್ತಿಯಲ್ಲಿ ಕೂತಂತೆ ಚಕ್ಕಳಮಕ್ಕಳ ಹಾಕಿ ಕೂತೆ. ಮುಖವನ್ನು ಬಲಗಡೆಯ ಕಿಟಕಿಗೆ ತಿರುಗಿಸಿದೆ. ನಲವತ್ತು ದಾಟಿದ ಮಂಡಿ ನೋಯುತ್ತಿತ್ತು. ರೂಟ್ ಒನ್ ಹೆದ್ದಾರಿಯಲ್ಲಿ ಟ್ರಕ್ಕುಗಳು ಹಾದುಹೋಗುವಾಗ ಕಿಟಕಿ ಅದುರುತ್ತಿತ್ತು. ನಾನು ಪೆಟ್ರೋಲ್ ಬಂಕುಗಳ ಬೋರ್ಡು ಓದುತ್ತಿದ್ದೆ. ಬಾಯಿ ತೆರೆದರೆ ಯಾವ ಪದ ಉದುರುತ್ತದೋ ಎಂದು ಹಲ್ಲು ಕಚ್ಚಿಕೊಂಡಿದ್ದೆ.

ಮನೆಯ ಹತ್ತಿರ ನಾಲ್ಕೂ ದಿಕ್ಕಿಗೆ ಸ್ಟಾಪ್ ಸೈನ್ ಇರುವ ಒಂದು ಚೌಕವಿದೆ; ಮೊದಲು ಬಂದು ನಿಂತವರು ಮೊದಲು ಹೊರಡಬೇಕು. ಅಲ್ಲಿ ಕಾರು ನಿಂತಿತು. ನಿಂತೇ ಇತ್ತು. ಓರೆಗಣ್ಣಿನಲ್ಲಿ ನೋಡಿದರೆ ಎದುರಿಗೆ ಒಂದು ಪಿಕಪ್ ಟ್ರಕ್ಕು. ಅವನೂ ಹೊರಡುತ್ತಿಲ್ಲ, ಇವಳೂ ಹೊರಡುತ್ತಿಲ್ಲ. ಹಿಂದಿನ ಕಾರು ಹಾರನ್ ಮಾಡಿತು. ಅವನು ಸ್ವಲ್ಪ ಮುಂದೆ ಬಂದು ಮತ್ತೆ ನಿಂತ. ಆಗ ನನ್ನ ಮಗಳು, ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವ ಮಗಳು, ಸ್ಟೀರಿಂಗಿನಿಂದ ಒಂದು ಕೈ ತೆಗೆದು ಗಾಜಿನತ್ತ ಬೀಸುತ್ತಾ ಬೇಸತ್ತ ದನಿಯಲ್ಲಿ ಅಂದಳು: "ಹೋಗಪ್ಪಾ ಮಹಾರಾಯ, ಹೋಗು! ಏನ್ ಮುಹೂರ್ತ ನೋಡ್ತಿದೀಯಾ?"

ಟ್ರಕ್ಕು ಹೋಯಿತು. ಇವಳು ಎಡಬಲ ನೋಡಿ ಕಾರನ್ನು ಮುಂದಕ್ಕೆ ತೆಗೆದಳು.

ಅದು ನನ್ನದೇ ಮಾತು, ನನ್ನದೇ ರಾಗ. ನಾನು ಅದನ್ನು ಅವಳಿಗೆ ಯಾವತ್ತೂ ಕಲಿಸಿರಲಿಲ್ಲ. ಮಕ್ಕಳ ಬೂಸ್ಟರ್ ಸೀಟಿನ ಕಾಲದಿಂದಲೂ ನಾನು ಕಾರು ಓಡಿಸುವಾಗ ಅವಳು ನನ್ನ ಹಿಂದೆ ಕೂತು ಬಂದವಳು. ಅಲ್ಲಿಂದ ಅವಳಿಗೆ ನನ್ನ ದನಿ ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಸದ್ಯ, ಅಷ್ಟಾದರೂ ಪುಣ್ಯ ಮಾಡಿದ್ದೆ.