ಹೂವಿನ ಗುರುತಿನ ಬಟನ್

ನನ್ನ ಹೆಸರನ್ನು ಸೂಪರ್‌ವೈಸರ್ ಬೋರ್ಡಿನ ಮೇಲೆ ಕೆಂಪು ಚಾಕ್‌ನಲ್ಲಿ ಬರೆದಿದ್ದರು. ಮಂಗಳೂರಿನ ಬೈಕಂಪಾಡಿಯ ನಮ್ಮ ವರ್ಕ್‌ಶಾಪಿನಲ್ಲಿ ಮಾಲು ಕೆಡಿಸಿದವನ ಹೆಸರು ಎಲ್ಲರೂ ಚಹಾ ಕುಡಿಯುವ ಜಾಗದಲ್ಲೇ ಇರುತ್ತದೆ. ನಾನು ಲೇತಿನಲ್ಲಿ ಕಡೆದ ಹಿತ್ತಾಳೆಯ ಬುಶ್‌ಗಳು, ಒಂದೊಂದೂ ಬೆರಳಿನ ಉಂಗುರದಷ್ಟು, ಬಿರುಕು ಬಿಟ್ಟು ಗಿರಾಕಿಯಿಂದ ವಾಪಸ್ ಬಂದಿದ್ದವು.

"ನಿನ್ನ ಕೈಯಲ್ಲಿ ಎಂತ ಉಂಟು ಮಾರಾಯ? ಮುಟ್ಟಿದ್ದೆಲ್ಲ ಒಡೀತದೆ," ಅಂದರು ಸೂಪರ್‌ವೈಸರ್, ಎಲ್ಲರ ಎದುರು. "ನಾಳೆಯಿಂದ ಲೇತ್ ಬೇಡ. ಅರ ಹಿಡ್ಕೊಂಡು ಅಂಚು ಉಜ್ಜು."

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಲೇತ್ ಮುಟ್ಟಲು ನಾಲ್ಕು ವರ್ಷ ಕಾದಿದ್ದೆ. ಸಿಟ್ಟು ನೆತ್ತಿಗೇರಿತು. ಒಂದು ಬುಶ್ಶನ್ನು ವೈಸಿಗೆ ಸಿಕ್ಕಿಸಿ ಬಿರುಕಿನ ಜಾಗದಲ್ಲೇ ಒಡೆದೆ. ಒಡೆದ ತುಂಡಿನ ಒಳಮುಖ ಅರ್ಧ ಕಪ್ಪು, ಅರ್ಧ ಚಿನ್ನದ ಬಣ್ಣ. ಕಪ್ಪು ಅಂದರೆ ಹಳೆಯ ಬಿರುಕು, ಫೌಂಡ್ರಿಯವರು ಹೊಯ್ದ ಎರಕದ ಜೊತೆಯೇ ಬಂದದ್ದು. ನನ್ನ ಕೈಯಲ್ಲಿ ಒಡೆದದ್ದಾದರೆ ಇಡೀ ಮುಖ ಹೊಳೆಯಬೇಕಿತ್ತು. ತುಂಡನ್ನು ಸೂಪರ್‌ವೈಸರಿಗೆ ತೋರಿಸಿದೆ. ಇದು ಅವರಿಗೂ ಗೊತ್ತು.

"ಬಾಯಲ್ಲಿ ಹೇಳಿದ್ರೆ ಎರಕದವರು ಒಪ್ಪುದಿಲ್ಲ. ಫೋಟೋ ತೆಗಿ," ಅಂದರು.

ಒಳಗೆ ಮೊಬೈಲ್ ತರುವಂತಿಲ್ಲ. ಆಫೀಸಿನ ಹಳೆಯ ಡಿಜಿಟಲ್ ಕ್ಯಾಮೆರಾ ಕೊಟ್ಟರು. ನಮ್ಮಲ್ಲಿ ಎಣ್ಣೆ ಸವರದೆ ಯಾವ ಮಾಲೂ ಹೊರಗೆ ಹೋಗುವುದಿಲ್ಲ. ಅದೇ ಅಭ್ಯಾಸದಲ್ಲಿ ಒಡೆದ ತುಂಡಿಗೂ ಎಣ್ಣೆ ಸವರಿದೆ. ಫ್ಲ್ಯಾಶ್ ಬಿದ್ದು ಎಣ್ಣೆ ಬೆಳ್ಳಗೆ ಹೊಳೆಯಿತು. ಹತ್ತಿರ ಹೋದಷ್ಟೂ ಮಸುಕು. ಇಪ್ಪತ್ತು ಫೋಟೋ ತೆಗೆದೆ, ಇಪ್ಪತ್ತೂ ಹಾಳು.

"ಇದೆಂತ, ಬುಶ್ಶಾ ಲಾಡುವಾ?" ಅಂದರು ಸೂಪರ್‌ವೈಸರ್. ಎಲ್ಲರೂ ನಕ್ಕರು.

ಪ್ಯಾಕಿಂಗಿನ ಬಾಯಮ್ಮ ಮಾತ್ರ ನಗಲಿಲ್ಲ. ಉರ್ವದವರು, ಗಂಡ ಗಲ್ಫಿನಲ್ಲಿ, ಮನೆಯಲ್ಲಿ ಇಂಥದೇ ಕ್ಯಾಮೆರಾ ಇದೆ. ನನ್ನನ್ನು ಕೊಂಕಣಿಯಲ್ಲಿ ಪುತಾ, ಅಂದರೆ ಮಗನೇ, ಅಂತಲೇ ಕರೆಯುವುದು.

"ಪುತಾ, ಆ ಹೂವಿನ ಗುರುತಿನ ಬಟನ್ ಒತ್ತಿದ್ಯಾ?"

"ನಾನೆಂತ ಹೂವಿನ ಫೋಟೋ ತೆಗೀತಾ ಇದ್ದೇನಾ ಬಾಯಮ್ಮ?"

"ಅದು ಹೂವಿಗಲ್ಲ ಮಾರಾಯ! ಹತ್ತಿರದಿಂದ ತೆಗೀಲಿಕ್ಕೆ."

ಆ ಗುರುತನ್ನು ನಾನು ನೋಡಿದ್ದೆ. ತೋಟ ಇದ್ದವರಿಗೆ ಇರಬೇಕು ಅಂತ ಬಿಟ್ಟಿದ್ದೆ. ಕ್ಯಾಮೆರಾ ಮಾಡಿದವರ ಮೇಲೂ ಸಿಟ್ಟು ಬಂತು. ಒಂದು ಬೋಲ್ಟಿನ ಚಿತ್ರ ಹಾಕಿದ್ದರೆ ಏನಾಗುತ್ತಿತ್ತು?

ಮಷೀನು ಓಡುವಾಗ ಮೇಜು ನಡುಗುತ್ತದೆ. ಊಟದ ಹೊತ್ತಿಗೆ ಎಲ್ಲ ನಿಂತ ಮೇಲೆ ತುಂಡನ್ನು ಸೀಮೆ ಎಣ್ಣೆಯಲ್ಲಿ ತೊಳೆದು ಒಣಗಿಸಿ ಕಿಟಕಿಯ ಬಳಿ ಇಟ್ಟೆ. ಫ್ಲ್ಯಾಶ್ ಬಂದ್. ಝೂಮ್ ಬೇಡ. ಕ್ಯಾಮೆರಾವನ್ನು ಮರದ ತುಂಡಿನ ಮೇಲೆ ಕೂರಿಸಿ, ಹೂವಿನ ಗುರುತು ಒತ್ತಿ, ಟೈಮರ್ ಇಟ್ಟು ಕೈ ತೆಗೆದೆ. ಕಪ್ಪು ಒಂದು ಕಡೆ, ಚಿನ್ನ ಒಂದು ಕಡೆ, ನಡುವೆ ಪೆನ್ಸಿಲಿನಲ್ಲಿ ಎಳೆದಂಥ ಗೆರೆ.

ಮರುದಿನ ಫೋಟೋ ನೋಡಿ ಎರಕದವರು ತಪ್ಪು ಒಪ್ಪಿದರು.

"ಹೋಗು, ಲೇತ್ ಸ್ಟಾರ್ಟ್ ಮಾಡು. ಬೋರ್ಡಲ್ಲಿ ಹೆಸರುಂಟಲ್ಲ, ಅದನ್ನು ಒರೆಸು," ಅಂದರು ಸೂಪರ್‌ವೈಸರ್.

"ಬರೆದದ್ದು ನಾನಲ್ಲ ಸಾರ್."

"ಅದಕ್ಕೆಂತ ಈಗ? ನಿನ್ನ ತಪ್ಪಲ್ಲ ಅಂತ ಆಯ್ತಲ್ಲ."

"ಅದನ್ನೇ ಎಲ್ಲರ ಎದುರು ಹೇಳಿ."

ಅವರು ಕ್ಯಾಬಿನ್ನಿಗೆ ಹೋದರು. ನಾನು ಲೇತ್ ಶುರು ಮಾಡಿದೆ. ಸಂಜೆ ಆ ಫೋಟೋವನ್ನು ಸುರತ್ಕಲ್ಲಿನ ಸ್ಟುಡಿಯೋದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಬೆಳಿಗ್ಗೆ ಬೋರ್ಡಿನಲ್ಲಿ ನನ್ನ ಹೆಸರಿನ ಕೆಳಗೆ ಅಂಟಿಸಿದೆ. ಬಾಯಮ್ಮ ಬಟ್ಟೆ ಹಿಡಿದು ಹೆಸರು ಒರೆಸಲು ಎದ್ದರು.

"ಬೇಡ ಬಾಯಮ್ಮ, ಇರ್ಲಿ. ಬರೆದವರೇ ಒರೆಸ್ಲಿ."

ಹೆಸರು ಇನ್ನೂ ಅಲ್ಲೇ ಇದೆ. ಸೂಪರ್‌ವೈಸರ್ ಈಗ ಬೋರ್ಡಿಗೆ ಬೆನ್ನು ಹಾಕಿ ಚಹಾ ಕುಡಿಯುತ್ತಾರೆ.